ದುಬೈಯಲ್ಲಿ ಸ್ವಂತ ಎಸಿ ದುರಸ್ತಿ ವ್ಯವಹಾರ: ಮೊದಲು ಯಾವ ತರಬೇತಿ ಪಡೆಯಬೇಕು?

ಕೋಡಿಯವ:

ಎಲ್ಲರಿಗೂ ನಮಸ್ಕಾರ. ನಾನು ಕುಂದಾಪುರದ ಕಡೆಯವನು. ಐಟಿಐ ಮುಗಿಸಿ ಹಲವು ವರ್ಷಗಳಿಂದ ದುಬೈಯ ಕಟ್ಟಡ ನಿರ್ವಹಣಾ ಕಂಪನಿಯೊಂದರಲ್ಲಿ ಎಸಿ ಟೆಕ್ನೀಷಿಯನ್ ಆಗಿ ದುಡಿಯುತ್ತಿದ್ದೇನೆ. ಡಕ್ಟ್ ಶುಚಿಗೊಳಿಸುವುದರಿಂದ ಹಿಡಿದು ಕಂಪ್ರೆಸರ್ ಬದಲಾಯಿಸುವವರೆಗೆ ಯಾವ ಕೆಲಸಕ್ಕೂ ಹಿಂಜರಿಕೆಯಿಲ್ಲ. ಮುಂದಿನ ವರ್ಷ ನೌಕರಿ ಬಿಟ್ಟು ಇಲ್ಲಿಯೇ ಸ್ವಂತ ವ್ಯವಹಾರ ಆರಂಭಿಸಬೇಕೆಂದಿದ್ದೇನೆ. ಆದರೆ ಪರವಾನಗಿ, ದರ ನಿಗದಿ, ತೆರಿಗೆ, ಬಾಕಿ ವಸೂಲಿ ಇವುಗಳಲ್ಲಿ ನನಗೆ ಅನುಭವವಿಲ್ಲ.

ಉದ್ಯಮಿಗಳಾಗಬಯಸುವವರಿಗೆಂದು ಇಲ್ಲಿ ನಡೆದ ವಾರಾಂತ್ಯದ ತರಬೇತಿಯೊಂದಕ್ಕೆ ಹಣ ಕಟ್ಟಿ ಹೋಗಿದ್ದೆ. ದೊಡ್ಡ ಕನಸು ಕಾಣಬೇಕೆಂದು ಇಡೀ ದಿನ ಹೇಳಿದರೇ ಹೊರತು ಒಂದು ಕೊಟೇಶನ್ ಬರೆಯುವ ಬಗೆಯನ್ನು ಯಾರೂ ತೋರಿಸಲಿಲ್ಲ. ರಜೆಯಲ್ಲಿ ಊರಿಗೆ ಬಂದಾಗ ಸ್ವಉದ್ಯೋಗ ತರಬೇತಿ ಕೊಡುವ ಉಜಿರೆಯ ರುಡ್‌ಸೆಟ್ ಸಂಸ್ಥೆಯಂಥ ಕಡೆ ಕಲಿತರೆ ಇಲ್ಲಿನ ವ್ಯವಹಾರಕ್ಕೆ ಪ್ರಯೋಜನವಾದೀತೇ? ಇನ್ನೊಂದು ಸಂಗತಿ: ಪರಿಚಯದವರೊಬ್ಬರು ತಮ್ಮ ಲೈಸೆನ್ಸಿನ ಅಡಿಯಲ್ಲಿಯೇ ಕೆಲಸ ಮಾಡಿ ತಿಂಗಳಿಗೆ ಇಂತಿಷ್ಟು ಕೊಟ್ಟರೆ ಸಾಕು ಎನ್ನುತ್ತಿದ್ದಾರೆ. ಇದು ಸುಲಭದ ದಾರಿಯೇ? ತಿಳಿದವರು ದಯವಿಟ್ಟು ಹೇಳಬೇಕು.

ದೇರಾದ ಹಳಬ:

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದರಲ್ಲಿಯೇ ಹೆಚ್ಚಿನ ಅಪಾಯವಿದೆ. ಬೇರೆಯವರ ಲೈಸೆನ್ಸಿನಲ್ಲಿ ದುಡಿದರೆ ಗ್ರಾಹಕರೊಡನೆ ಆಗುವ ಒಪ್ಪಂದ ಅವರ ಹೆಸರಿನಲ್ಲಿರುತ್ತದೆ, ಚೆಕ್ ಜಮೆಯಾಗುವುದು ಅವರ ಖಾತೆಗೆ, ನಾಳೆ ಭಿನ್ನಾಭಿಪ್ರಾಯ ಬಂದರೆ ನೀವು ಕಟ್ಟಿದ ವ್ಯವಹಾರ ನಿಮ್ಮದೆಂದು ತೋರಿಸಲು ಕೈಯಲ್ಲಿ ಒಂದು ಕಾಗದವೂ ಇರುವುದಿಲ್ಲ. ಅದಲ್ಲದೆ ನಿಮ್ಮ ವೀಸಾ ಒಂದು ಕಂಪನಿಯದು, ಕೆಲಸ ಇನ್ನೊಬ್ಬರ ಹೆಸರಿನಲ್ಲಿ ಎಂದಾದರೆ ಅದು ಕಾನೂನುಬಾಹಿರ. ಪರ್ಮಿಟ್ ಇಲ್ಲದವರನ್ನು ಕೆಲಸಕ್ಕೆ ಇಟ್ಟುಕೊಳ್ಳುವವರಿಗೆ 2024ರ ತಿದ್ದುಪಡಿಯ ನಂತರ 1 ಲಕ್ಷದಿಂದ 10 ಲಕ್ಷ ದಿರ್ಹಮ್‌ವರೆಗೆ ದಂಡವಿದೆ. ಇದು ಗೊತ್ತಿದ್ದೂ ಒಬ್ಬರು ಹೀಗೆ ಕರೆಯುತ್ತಿದ್ದರೆ ಅವರ ಉಳಿದ ಮಾತುಗಳನ್ನೂ ಅದೇ ತಕ್ಕಡಿಯಲ್ಲಿ ತೂಗಿ ನೋಡಿ.

ಹಿಂದೆ ಇಂಥ ಕಂಪನಿ ತೆರೆಯಲು ಶೇ. 51ರಷ್ಟು ಪಾಲು ಸ್ಥಳೀಯ ಪ್ರಜೆಯ ಹೆಸರಿನಲ್ಲಿ ಇರಬೇಕಾಗಿತ್ತು. 2021ರ ಜೂನ್‌ನಿಂದ ಹೆಚ್ಚಿನ ಚಟುವಟಿಕೆಗಳಲ್ಲಿ ವಿದೇಶಿಯರಿಗೇ ಪೂರ್ಣ ಒಡೆತನ ಸಾಧ್ಯವಾಗಿದೆ. ಹೀಗಾಗಿ ಲೈಸೆನ್ಸನ್ನು ಬಾಡಿಗೆಗೆ ಪಡೆಯಲು ಮೊದಲಿದ್ದ ನೆಪವೂ ಈಗ ಉಳಿದಿಲ್ಲ. ಎಸಿ, ಪ್ಲಂಬಿಂಗ್, ಪೇಂಟಿಂಗ್ ಮುಂತಾದ ಕೆಲಸಗಳಿಗೆ ಇಲ್ಲಿ ಸಾಮಾನ್ಯವಾಗಿ ಪಡೆಯುವುದು ‘ಟೆಕ್ನಿಕಲ್ ಸರ್ವೀಸಸ್’ ಲೈಸೆನ್ಸ್. ಅರ್ಜಿ ಹಾಕುವಾಗ ಯಾವ ಯಾವ ಚಟುವಟಿಕೆಗಳನ್ನು ಸೇರಿಸುತ್ತೀರಿ ಎಂಬುದನ್ನು ಎಚ್ಚರಿಕೆಯಿಂದ ನೋಡಿಕೊಳ್ಳಿ. ಪಟ್ಟಿಯಲ್ಲಿ ಇಲ್ಲದ ಕೆಲಸಕ್ಕೆ ಬಿಲ್ ಕೊಡುವಂತಿಲ್ಲ.

ಅಗ್ಗದ ಫ್ರೀ ಝೋನ್ (ಪ್ರತ್ಯೇಕ ನಿಯಮಗಳಿರುವ ವಿಶೇಷ ವ್ಯಾಪಾರ ವಲಯ) ಲೈಸೆನ್ಸಿನ ಜಾಹೀರಾತುಗಳು ನಿಮ್ಮ ಮೊಬೈಲಿಗೂ ಬರುತ್ತಿರಬಹುದು. ಕುಳಿತಲ್ಲೇ ಕೆಲಸ ಮಾಡುವ ಡಿಸೈನರ್‌ಗೆ ಅದು ಸರಿಹೋಗಬಹುದು. ವಿಲ್ಲಾದಿಂದ ವಿಲ್ಲಾಕ್ಕೆ ಏಣಿ ಹೊತ್ತು ಹೋಗುವವರಿಗೆ ಅದೊಂದೇ ಸಾಲದು, ಏಕೆಂದರೆ ಝೋನಿನ ಹೊರಗೆ ಕೆಲಸ ಮಾಡಲು ಬೇರೆ ಅನುಮತಿ ಬೇಕು. ಕಂಪನಿಯ ಪ್ರಾಯೋಜನೆಯಿಲ್ಲದೆ ಇಲ್ಲಿ ನೆಲೆಸಲು ಸ್ವಉದ್ಯೋಗಿಗಳಿಗೆ ಕೊಡುವ ಗ್ರೀನ್ ವೀಸಾದ ಮಾತನ್ನೂ ಕೆಲವರು ಎತ್ತುತ್ತಾರೆ. ಅದಕ್ಕೆ ಪದವಿ ಅಥವಾ ವಿಶೇಷ ಡಿಪ್ಲೊಮಾ ಇರಬೇಕು, ಜೊತೆಗೆ ಹಿಂದಿನ ಎರಡು ವರ್ಷಗಳಲ್ಲಿ ಸ್ವಉದ್ಯೋಗದಿಂದಲೇ 3,60,000 ದಿರ್ಹಮ್ ಆದಾಯ ಬಂದಿರಬೇಕು, ಇಲ್ಲವೇ ಇಲ್ಲಿ ಇರುವಷ್ಟು ಕಾಲಕ್ಕೆ ಸಾಕಾಗುವ ಆರ್ಥಿಕ ಸಾಮರ್ಥ್ಯವನ್ನು ತೋರಿಸಬೇಕು. ಸಂಬಳಕ್ಕೆ ದುಡಿಯುತ್ತಿರುವವರಿಗೆ ಇದು ಸುಲಭವಾಗಿ ಎಟುಕುವಂಥದ್ದಲ್ಲ.

ಜಮಾಖರ್ಚು:

ನಾನು ಇಲ್ಲಿನ ಸಣ್ಣ ಕಂಪನಿಗಳ ಲೆಕ್ಕ ಬರೆಯುವವನು. ನನ್ನ ಅಭಿಪ್ರಾಯದಲ್ಲಿ ಕಸುಬುದಾರರಿಗೆ ಬೇಕಾದ ತರಬೇತಿಯಲ್ಲಿ ಮುಕ್ಕಾಲು ಪಾಲು ದರ ನಿಗದಿಯದೇ ಆಗಿರಬೇಕು. ಸಂಬಳದಿಂದ ವ್ಯವಹಾರಕ್ಕೆ ಬಂದವರು ಬಹುತೇಕ ಒಂದೇ ರೀತಿಯಲ್ಲಿ ಲೆಕ್ಕ ಹಾಕುತ್ತಾರೆ: ವರ್ಷದ ಖರ್ಚನ್ನು ವರ್ಷದ ಕೆಲಸದ ಗಂಟೆಗಳಿಂದ ಭಾಗಿಸಿ, ಬಂದ ಮೊತ್ತವನ್ನೇ ತಮ್ಮ ದರವೆಂದು ತಿಳಿಯುತ್ತಾರೆ.

ಉದಾಹರಣೆಗಾಗಿ ಕಲ್ಪಿತ ಅಂಕಿಗಳನ್ನು ತೆಗೆದುಕೊಳ್ಳೋಣ. ಲೈಸೆನ್ಸ್, ಕಚೇರಿ ವಿಳಾಸ, ವೀಸಾ ಮತ್ತು ವಿಮೆಗೆ ವರ್ಷಕ್ಕೆ 30,000 ದಿರ್ಹಮ್. ವ್ಯಾನ್, ಪೆಟ್ರೋಲ್, ಸಾಲಿಕ್ (ರಸ್ತೆ ಸುಂಕ) ಮತ್ತು ಪಾರ್ಕಿಂಗ್‌ಗೆ 24,000. ನಿಮ್ಮ ಕೋಣೆ ಬಾಡಿಗೆ, ಊಟ ಮತ್ತು ಊರಿಗೆ ಕಳಿಸುವ ಹಣ ಸೇರಿ 66,000. ಒಟ್ಟು 1,20,000. ವರ್ಷಕ್ಕೆ 300 ದಿನ, ದಿನಕ್ಕೆ 8 ಗಂಟೆ ಎಂದು 2,400 ಗಂಟೆಗಳಿಂದ ಭಾಗಿಸಿದರೆ ಗಂಟೆಗೆ 50 ದಿರ್ಹಮ್ ಸಾಕೆಂದು ತೋರುತ್ತದೆ. ಆದರೆ ಶೇಖ್ ಜಾಯೆದ್ ರಸ್ತೆಯ ದಟ್ಟಣೆಯಲ್ಲಿ ಕಳೆದ ಸಮಯಕ್ಕೆ, ಕೆಲಸ ನೋಡಲು ಹೋಗಿ ಬರಿಗೈಯಲ್ಲಿ ಮರಳಿದ ಸಂಜೆಗೆ, ಬಿಡಿಭಾಗಕ್ಕಾಗಿ ಅಂಗಡಿ ಸುತ್ತಿದ್ದಕ್ಕೆ, ಬಾಕಿ ಕೇಳಲು ಮಾಡಿದ ಫೋನುಗಳಿಗೆ ಯಾರೂ ಹಣ ಕೊಡುವುದಿಲ್ಲ. ಬಿಲ್ ಮಾಡಬಹುದಾದ ಗಂಟೆಗಳು 1,000 ಮಾತ್ರ ಎಂದಾದರೆ ನಿಮ್ಮ ಅಸಲು ದರವೇ ಗಂಟೆಗೆ 120 ಆಗುತ್ತದೆ, ಅದೂ ಲಾಭವನ್ನು ಸೇರಿಸುವ ಮುನ್ನ. ಐವತ್ತರ ಲೆಕ್ಕದಲ್ಲಿ ಕೊಟೇಶನ್ ಕೊಟ್ಟವರಿಗೆ ಕೈತುಂಬ ಕೆಲಸ ಸಿಗುತ್ತದೆ, ಲೈಸೆನ್ಸ್ ನವೀಕರಣದ ತಿಂಗಳಿನಲ್ಲಿ ಹಣ ಮಾತ್ರ ಇರುವುದಿಲ್ಲ.

ಎಸಿ ಕಸುಬಿನಲ್ಲಿ ಋತುಮಾನದ ಏರಿಳಿತವೂ ಇದೆ. ಬೇಸಿಗೆಯಲ್ಲಿ ಫೋನ್ ಬಿಡುವಿಲ್ಲದೆ ಬರುತ್ತದೆ, ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಕರೆಗಳು ಕಡಿಮೆ. ಆದ್ದರಿಂದ ವಾರ್ಷಿಕ ನಿರ್ವಹಣೆ ಒಪ್ಪಂದಗಳನ್ನು, ಅಂದರೆ ಎಎಂಸಿಗಳನ್ನು, ಮೊದಲ ವರ್ಷದಿಂದಲೇ ಹಿಡಿಯಬೇಕು. ಸಾಧ್ಯವಾದರೆ ಕಂತಿನ ಹಣ ಚಳಿಗಾಲದಲ್ಲಿ ಬರುವಂತೆ ಬರೆದುಕೊಳ್ಳಿ.

ಇನ್ನು ತೆರಿಗೆ. ಶೇ. 5ರ ವ್ಯಾಟ್‌ಗೆ ನೋಂದಣಿ ಕಡ್ಡಾಯವಾಗುವುದು ತೆರಿಗೆಗೆ ಒಳಪಡುವ ವಾರ್ಷಿಕ ವಹಿವಾಟು 3,75,000 ದಿರ್ಹಮ್ ದಾಟಿದಾಗ. ನೋಂದಣಿಯಿಲ್ಲದೆ ಬಿಲ್ಲಿನಲ್ಲಿ ವ್ಯಾಟ್ ಸೇರಿಸುವುದು ತಪ್ಪು. ಕಾರ್ಪೊರೇಟ್ ತೆರಿಗೆಯ ದರ 3,75,000ಕ್ಕಿಂತ ಮೇಲಿನ ಲಾಭಕ್ಕೆ ಮಾತ್ರ ಶೇ. 9 ಎಂಬ ಕಾರಣಕ್ಕೆ ಹಲವರು ಅದನ್ನು ಮರೆತೇಬಿಡುತ್ತಾರೆ. ಆದರೆ ಎಲ್ಎಲ್‌ಸಿ, ಅಂದರೆ ಸೀಮಿತ ಹೊಣೆಗಾರಿಕೆಯ ಕಂಪನಿ, ಎಂದಾದ ಮೇಲೆ ಲಾಭ ಶೂನ್ಯವಿದ್ದರೂ ನೋಂದಾಯಿಸಲೇಬೇಕು. ಗಡುವು ಮೀರಿದರೆ ದಂಡ 10,000 ದಿರ್ಹಮ್. ಒಬ್ಬರೇ ಮಾಲೀಕರಿರುವ ಸೋಲ್ ಎಸ್ಟಾಬ್ಲಿಷ್‌ಮೆಂಟ್ ಆದರೆ ವರ್ಷದ ವಹಿವಾಟು 10 ಲಕ್ಷ ದಿರ್ಹಮ್ ದಾಟಿದಾಗ ಮಾತ್ರ ಈ ತೆರಿಗೆಯ ಪ್ರಶ್ನೆ ಏಳುತ್ತದೆ. ಯಾವ ಸ್ವರೂಪದ ಸಂಸ್ಥೆ ಬೇಕೆಂಬುದನ್ನು ಸರ್ಕಾರಿ ಅರ್ಜಿ ತುಂಬಿಕೊಡುವ ಟೈಪಿಂಗ್ ಸೆಂಟರಿನವರ ಸಲಹೆಯ ಮೇಲೆ ನಿರ್ಧರಿಸಬೇಡಿ ಎಂದು ನಾನು ಹೇಳುವುದು ಇದಕ್ಕಾಗಿಯೇ.

ಉಜಿರೆ ಮೂಲೆ:

ರುಡ್‌ಸೆಟ್ ಬಗ್ಗೆ ಕೇಳಿದ್ದೀರಿ. ಧರ್ಮಸ್ಥಳದ ಎಸ್‌ಡಿಎಂಇ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ 1982ರಲ್ಲಿ ಉಜಿರೆಯಲ್ಲಿ ಆರಂಭಿಸಿದ ಸಂಸ್ಥೆಯದು. ಅದರ ಮಾದರಿಯಲ್ಲಿಯೇ ಮುಂದೆ ದೇಶದ ಜಿಲ್ಲೆಗಳಲ್ಲಿ ಬ್ಯಾಂಕುಗಳ ಆರ್‌ಸೆಟಿ (ಗ್ರಾಮೀಣ ಸ್ವಉದ್ಯೋಗ ತರಬೇತಿ) ಕೇಂದ್ರಗಳು ಹುಟ್ಟಿಕೊಂಡವು. ತರಬೇತಿ, ಊಟ, ವಸತಿ ಎಲ್ಲವೂ ಉಚಿತ. ಅವರ ಹೆಚ್ಚುಗಾರಿಕೆ ಇರುವುದು ತರಬೇತಿ ಮುಗಿದ ಮೇಲೆ ಎರಡು ವರ್ಷ ಅಭ್ಯರ್ಥಿಯ ಬೆನ್ನು ಹತ್ತಿ ವಿಚಾರಿಸುವುದರಲ್ಲಿ ಮತ್ತು ಬ್ಯಾಂಕ್ ಸಾಲಕ್ಕೆ ದಾರಿ ಮಾಡಿಕೊಡುವುದರಲ್ಲಿ. ಈ ಎರಡೂ ದುಬೈಯಲ್ಲಿ ಇರುವವರಿಗೆ ಸಿಗುವುದಿಲ್ಲ. ಎಸಿ ರಿಪೇರಿಯ ಕೋರ್ಸ್ ನಿಮಗೆ ಬೇಡ. ಕಡಿಮೆ ಅವಧಿಯ ಉದ್ಯಮಶೀಲತಾ ತರಬೇತಿ ನಿಮ್ಮ ರಜೆಗೆ ಹೊಂದಿದರೆ, ಮಾರುಕಟ್ಟೆ ಸಮೀಕ್ಷೆ ಮತ್ತು ಯೋಜನಾ ವರದಿಯ ಪಾಠಗಳಿಗಾಗಿ ಹೋಗಬಹುದು. ಸೇರುವ ಅರ್ಹತೆಯನ್ನು ಮುಂಚೆಯೇ ಫೋನ್ ಮಾಡಿ ವಿಚಾರಿಸಿ.

ಕನಸು ಕಾಣಿಸುವ ತರಬೇತಿಯ ಬಗ್ಗೆ ನೀವು ಬರೆದದ್ದಕ್ಕೆ ಒಂದು ಮಾತು ಸೇರಿಸಬೇಕೆನಿಸಿತು. ಡೇವಿಡ್ ಮೆಕ್ಲೆಲೆಂಡ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1964ರಲ್ಲಿ ಆಂಧ್ರದ ಕಾಕಿನಾಡದ ವ್ಯಾಪಾರಿಗಳಿಗೆ ಸಾಧನೆಯ ಹಂಬಲವನ್ನು ಬೆಳೆಸುವ ತರಬೇತಿ ಕೊಡಿಸಿದ್ದರು. ನಮ್ಮ ತರಬೇತಿಗಳಲ್ಲಿ ಇಂದಿಗೂ ಆಡಿಸುವ ಬಳೆ ಎಸೆಯುವ ಆಟದ ಹಿಂದೆ ಇರುವುದು ಅವರ ಚಿಂತನೆಯೇ. ಗೂಟಕ್ಕೆ ಬಳೆ ಎಸೆಯಲು ತೀರಾ ಹತ್ತಿರವೂ ಅಲ್ಲದ, ತೀರಾ ದೂರವೂ ಅಲ್ಲದ ಅಂತರವನ್ನು ಆಯ್ದುಕೊಳ್ಳುವುದು, ಅಂದರೆ ಅಳೆದ ಅಪಾಯಕ್ಕೆ ಮಾತ್ರ ಕೈಹಾಕುವುದು, ಆ ಆಟದ ತಿರುಳು. ದೊಡ್ಡ ಕನಸು ಕಾಣಿರೆಂಬ ಭಾಷಣ ಆ ತಿರುಳನ್ನು ಬಿಟ್ಟು ಸಿಪ್ಪೆಯನ್ನಷ್ಟೇ ಹಂಚುತ್ತದೆ.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ‘ಸ್ಟಾರ್ಟ್ ಯುವರ್ ಬಿಸಿನೆಸ್’ ಕೈಪಿಡಿ ಅಂತರಜಾಲದಲ್ಲಿ ಸಿಗುತ್ತದೆ. ಭಾಷೆ ಇಂಗ್ಲಿಷ್ ಆದರೂ ಸರಳವಾಗಿದೆ, ವೆಚ್ಚದ ಲೆಕ್ಕ ಮತ್ತು ತಿಂಗಳುವಾರು ನಗದು ಅಂದಾಜಿನ ಕೋಷ್ಟಕಗಳನ್ನು ಹಾಗೆಯೇ ತುಂಬಬಹುದು. ಜಮಾಖರ್ಚು ಅವರು ಹೇಳಿದ ಲೆಕ್ಕವನ್ನು ಅದರಲ್ಲಿ ನಿಮ್ಮ ಅಂಕಿಗಳಿಂದಲೇ ಮಾಡಿ ನೋಡಿ.

ಕೋಡಿಯವ:

ಎಲ್ಲರಿಗೂ ಕೃತಜ್ಞತೆಗಳು. ಪರಿಚಯದವರಿಗೆ ಇಲ್ಲವೆಂದು ತಿಳಿಸುತ್ತೇನೆ. ಒಂದು ಸಂದೇಹ ಉಳಿದಿದೆ: ಈಗಿನ ಕಂಪನಿಯ ಕೆಲವು ಗ್ರಾಹಕರು, ನಾನು ಸ್ವಂತವಾಗಿ ಆರಂಭಿಸಿದರೆ ನನಗೇ ಕೆಲಸ ಕೊಡುತ್ತೇವೆ ಎನ್ನುತ್ತಾರೆ. ಅವರನ್ನು ನಂಬಿ ಹೊರಡಬಹುದೇ?

ದೇರಾದ ಹಳಬ:

ನಿಮ್ಮ ನೌಕರಿಯ ಒಪ್ಪಂದವನ್ನು ತೆಗೆದು ಓದಿ. ಸ್ಪರ್ಧೆಗೆ ಇಳಿಯಬಾರದೆಂಬ ಷರತ್ತನ್ನು ಹಾಕಲು 2021ರ ಕಾರ್ಮಿಕ ಕಾನೂನಿನ 10ನೆಯ ವಿಧಿ ಅವಕಾಶ ಕೊಡುತ್ತದೆ. ಆದರೆ ಅವಧಿ ಎರಡು ವರ್ಷ ಮೀರುವಂತಿಲ್ಲ, ಸ್ಥಳ ಮತ್ತು ಕೆಲಸದ ಸ್ವರೂಪವನ್ನು ಸ್ಪಷ್ಟವಾಗಿ ಬರೆದಿರಬೇಕು. ಅಂಥ ಷರತ್ತು ಇದ್ದರೆ ರಾಜೀನಾಮೆಗೆ ಮುನ್ನ ಭಾರತೀಯ ಕಾನ್ಸುಲೇಟಿನ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದಲ್ಲಿ ಕಾನೂನು ಸಲಹೆ ಕೇಳಿ. ಷರತ್ತು ಇಲ್ಲದಿದ್ದರೂ, ನೌಕರಿಯಲ್ಲಿ ಇರುವಾಗಲೇ ಆ ಗ್ರಾಹಕರೊಡನೆ ವ್ಯವಹಾರ ಕುದುರಿಸಬೇಡಿ. ಬಾಯಿಮಾತಿನಲ್ಲಿ ಕೆಲಸ ಕೊಡುವವರಲ್ಲಿ ಅರ್ಧದಷ್ಟು ಮಂದಿ, ಕಂಪನಿಯ ದರಕ್ಕಿಂತ ನಿಮ್ಮದು ಅಗ್ಗವಾದೀತೆಂಬ ಎಣಿಕೆಯಲ್ಲಿ ಇರುತ್ತಾರೆ. 120ರ ಲೆಕ್ಕದ ಕೊಟೇಶನ್ ನೋಡಿದ ಮೇಲೂ ಯಾರು ಉಳಿಯುತ್ತಾರೋ ಅವರನ್ನು ಮಾತ್ರ ಅಂದಾಜಿನಲ್ಲಿ ಸೇರಿಸಿ.

ಗ್ರಾಚ್ಯುಟಿಯ ಲೆಕ್ಕವನ್ನೂ ಈಗಲೇ ನೋಡಿಕೊಳ್ಳಿ. ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ, ಅನಂತರದ ವರ್ಷಗಳಿಗೆ 30 ದಿನಗಳ ಮೂಲವೇತನ ಸಿಗುತ್ತದೆ. ಆ ಹಣವನ್ನು ವ್ಯಾನಿಗೆ ಸುರಿಯದೆ ಮೊದಲ ಚಳಿಗಾಲದ ಖರ್ಚಿಗೆ ಎತ್ತಿಡಿ. ವ್ಯಾನನ್ನು ಆರು ತಿಂಗಳು ಬಾಡಿಗೆಗೆ ಪಡೆದರೂ ಕೆಲಸ ನಡೆಯುತ್ತದೆ.