2016ರ ಕ್ಲೀವ್‌ಲ್ಯಾಂಡ್: ಯಾವ ಏಳನೆಯ ಪಂದ್ಯ ಹೆಚ್ಚು ಕಾಡುತ್ತದೆ?

ಪ್ರಶ್ನೆ: ಜೂನ್‌ನಲ್ಲಿ ಬ್ಯಾಸ್ಕೆಟ್‌ಬಾಲ್‌ನ ಏಳು ಪಂದ್ಯಗಳ ಫೈನಲ್ ಸರಣಿಯಲ್ಲಿ 3-1ರ ಹಿನ್ನಡೆಯಿಂದ ಮೇಲೆದ್ದು ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡವನ್ನು ಮಣಿಸಿದ ಕ್ಲೀವ್‌ಲ್ಯಾಂಡ್ ನಗರವೇ, ಅದೇ ವರ್ಷ ಬೇಸ್‌ಬಾಲ್‌ನ ಅಂಥದೇ ಫೈನಲ್ ಸರಣಿಯಲ್ಲಿ 3-1ರ ಮುನ್ನಡೆಯನ್ನು ಚಿಕಾಗೊ ಕಬ್ಸ್‌ಗೆ ಬಿಟ್ಟುಕೊಟ್ಟಿತು. ನಿಮ್ಮ ನೆನಪಿನಲ್ಲಿ ಉಳಿದಿರುವುದು ಯಾವುದು?

ಉತ್ತರ: ನನಗಂತೂ ಬ್ಯಾಸ್ಕೆಟ್‌ಬಾಲ್. ಅಂಕಗಳು 89-89ರಲ್ಲಿ ನಿಂತಿದ್ದಾಗ, ವಾರಿಯರ್ಸ್‌ನ ಇಗ್ವೊಡಾಲಾ ಸಲೀಸಾಗಿ ಬುಟ್ಟಿಗೆ ಹಾಕಲು ಹೊರಟ ಚೆಂಡನ್ನು ಕ್ಲೀವ್‌ಲ್ಯಾಂಡ್‌ನ ಲೆಬ್ರಾನ್ ಜೇಮ್ಸ್ ಹಿಂದಿನಿಂದ ಓಡಿಬಂದು ಹಲಗೆಗೆ ಅಪ್ಪಳಿಸಿಬಿಟ್ಟರು.

ಉತ್ತರ: ನಾನು ಒಪ್ಪುವುದಿಲ್ಲ. ಎಂಟನೆಯ ಇನಿಂಗ್ಸ್‌ನಲ್ಲಿ, ಬ್ಯಾಟಿನ ಹಿಡಿಯನ್ನು ಮೇಲಕ್ಕೆ ಸರಿಸಿ ಹಿಡಿದಿದ್ದ ಕ್ಲೀವ್‌ಲ್ಯಾಂಡ್‌ನ ರಾಜೈ ಡೇವಿಸ್, ಕಬ್ಸ್‌ನ ಎಸೆತಗಾರ ಚಾಪ್‌ಮನ್ನರ ವೇಗದ ಎಸೆತವನ್ನು ಎಡಗಡೆಯ ಗೋಡೆಯಾಚೆ ಹೊಡೆದು 6-6ಕ್ಕೆ ತಂದರು. ಒಂಬತ್ತನೆಯದು ಮುಗಿದ ಮೇಲೆ ಮಳೆ 17 ನಿಮಿಷ ಆಟವನ್ನು ತಡೆಯಿತು (ಆ ಮಳೆಯನ್ನು ನಾನಿನ್ನೂ ಕ್ಷಮಿಸಿಲ್ಲ), ಹತ್ತನೆಯದರಲ್ಲಿ ಕಬ್ಸ್ 8-7ರಿಂದ ಗೆದ್ದರು.

ಉತ್ತರ: ಕಬ್ಸ್ ಅಭಿಮಾನಿಗಳು ಪ್ರಶಸ್ತಿಗಾಗಿ 1908ರಿಂದ ಕಾದಿದ್ದರು, ಆ ಮಳೆ ಅವರಿಗೆ ಸಲ್ಲಬೇಕಾದದ್ದೇ.