ನನ್ನ ಚಿತ್ರಗಳಲ್ಲಿ ನನ್ನ ಕೈ ಕಾಣುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಮೂರು ವರ್ಷದಿಂದ ಮಿಕ್ಸೆಡ್ ಮೀಡಿಯಾ ಮಾಡುತ್ತಿದ್ದೇನೆ. ಅಕ್ರಿಲಿಕ್, ಹಳೇ ಪೇಪರ್, ಬಟ್ಟೆ ಚೂರು, ದಾರ, ಇದ್ದಿಲು, ಎಲ್ಲಾ ಹಾಕುತ್ತೇನೆ. ಚಿತ್ರಸಂತೆಗೆ ಅಂತ ಹನ್ನೆರಡು ಚಿತ್ರ ಗೋಡೆಗೆ ಒರಗಿಸಿ ನೋಡಿದರೆ, ಹನ್ನೆರಡು ಜನ ಮಾಡಿದ ಹಾಗಿದೆ. ತುಂಬಾ ಬೇಜಾರಾಯಿತು. ನಿಮಗೆಲ್ಲ ಶೈಲಿ ಹೇಗೆ ಸಿಕ್ಕಿತು?

ಉತ್ತರ 1: ಮೊದಲು ಸಾಮಾನು ಕಡಿಮೆ ಮಾಡಿ. ಮಲೆನಾಡಿನ ಮನೆ ಗೋಡೆಗಳ ಮೇಲೆ ಬರೆಯುವ ಹಸೆ ಚಿತ್ತಾರ ನೋಡಿದ್ದೀರಲ್ವಾ? ಕೆಮ್ಮಣ್ಣು, ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಪುಂಡಿ ನಾರಿನ ಕುಂಚ. ಹೆಚ್ಚು ಕಡಿಮೆ ಇಷ್ಟರಲ್ಲೇ ಎಂಥ ಗೆರೆ! ನಾನು ಆರು ತಿಂಗಳು ನೀಲಿ ಬಣ್ಣ, ಬಿಳಿ ದಾರ, ಅಜ್ಜಿಯ ಹರಿದ ಇಳಕಲ್ ಸೀರೆಯ ಸೆರಗು, ಈ ಮೂರನ್ನೇ ಹಿಡಿದೆ. ಹತ್ತನೇ ಚಿತ್ರದ ಹೊತ್ತಿಗೆ ಗೊತ್ತಾಯಿತು, ದಾರದ ತುದಿಯನ್ನು ನಾನು ಎಲ್ಲೂ ಕತ್ತರಿಸಿಲ್ಲ, ಕೆಳಗೆ ಜೋತುಬಿಟ್ಟಿದ್ದೇನೆ. ಯಾರೂ ಹೇಳಿಕೊಟ್ಟಿದ್ದಲ್ಲ ಅದು.

ಉತ್ತರ 2: ಒಪ್ಪುತ್ತೇನೆ, ಆದರೆ ಸಾಮಾನಿನ ಗುಣ ತಿಳಿಯದೆ ಕೈ ಕೂರುವುದಿಲ್ಲ. ಅಕ್ರಿಲಿಕ್ ಒಣಗಿದ ಮೇಲೆ ಆಯಿಲ್ ಬಣ್ಣ ಹಾಕಬಹುದು, ಆಯಿಲ್ ಮೇಲೆ ಅಕ್ರಿಲಿಕ್ ಬೇಡ, ಆಮೇಲೆ ಸಿಪ್ಪೆ ಏಳುತ್ತೆ. ನ್ಯೂಸ್‌ಪೇಪರ್ ಬೇಗ ಹಳದಿಯಾಗುತ್ತೆ, ಒಳ್ಳೆ ಕಾಗದದ ಮೇಲೆ ಜೆರಾಕ್ಸ್ ತೆಗೆದು ಅಂಟಿಸಿ. 1912ರಲ್ಲಿ ಪಿಕಾಸೊ ಕುರ್ಚಿಯ ಬೆತ್ತದ ಹೆಣಿಗೆ ಅಚ್ಚಾಗಿದ್ದ ಆಯಿಲ್ ಕ್ಲಾತ್ (ಎಣ್ಣೆ ಲೇಪದ ಬಟ್ಟೆ) ಅಂಟಿಸಿ, ಚಿತ್ರದ ಸುತ್ತ ಹಗ್ಗ ಕಟ್ಟಿದ. ಅಲ್ಲಿ ಹಗ್ಗಕ್ಕೆ ಒಂದು ಕೆಲಸ ಇದೆ, ಅದೇ ಚೌಕಟ್ಟು. ನಿಮ್ಮ ಬಟ್ಟೆ ಚೂರಿಗೆ ಏನು ಕೆಲಸ ಅಂತ ಒಂದೊಂದನ್ನೂ ಕೇಳಿ ನೋಡಿ.

ಪ್ರಶ್ನೆ ಕೇಳಿದವರು: ಇಬ್ಬರಿಗೂ ಥ್ಯಾಂಕ್ಸ್. ಈಗ ಮತ್ತೆ ನೋಡಿದೆ. ಹನ್ನೆರಡರಲ್ಲಿ ಒಂಬತ್ತರಲ್ಲಿ ಎಲ್ಲೋ ಒಂದು ಅರೆ ತೆರೆದ ಕಿಟಕಿ ಇದೆ. ನಾಳೆ ಇದ್ದಿಲು, ಬಟ್ಟೆ ಎರಡೇ ಇಟ್ಟುಕೊಂಡು ಅಲ್ಲಿಂದ ಶುರು ಮಾಡುತ್ತೇನೆ.