ಸಹಾಯ ಬೇಕು: ಚೀನಿಕಾಯಿ ಇಟ್ಟುಕೊಂಡು ಪುಟ್ಟ ಮಕ್ಕಳಿಗೆ ಇನ್ನೇನು ಕಲಿಸಬಹುದು?

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡಿನ ಬದಿಯಡ್ಕ ಕಡೆಯ ಅಂಗನವಾಡಿ ಟೀಚರ್. 3ರಿಂದ 5 ವರ್ಷದ 14 ಮಕ್ಕಳಿದ್ದಾರೆ. ಕಳೆದ ವಾರ ಒಂದು ಮಗುವಿನ ಅಜ್ಜಿ ತೋಟದ ದೊಡ್ಡ ಚೀನಿಕಾಯಿ ತಂದುಕೊಟ್ಟರು. ಹೆಸರಿನಿಂದಲೇ ಪಾಠ ಶುರುವಾಯಿತು. ತುಳು ಮನೆಯವನು ಕೆಂಬುಡೆ ಅಂದ, ಮಲಯಾಳ ಮನೆಯವಳು ಮತ್ತಂಗ ಅಂದಳು, ನಾನು ಸಿಹಿಗುಂಬಳ ಅಂತಲೂ ಹೇಳಿಕೊಟ್ಟೆ.

ಆಮೇಲೆ ಬಾಲ್ದಿ ನೀರಿಗೆ ಇಳಿಸಿದೆವು. ಮುಳುಗುತ್ತದೆ ಅಂತ ಎಲ್ಲರೂ ಕೂಗಿದರು, ತೇಲಿತು! ಕೊಯ್ದು ಒಳಗಿನ ಟೊಳ್ಳು ತೋರಿಸಿದೆ. ಬೀಜ ಹೆಕ್ಕುವಾಗ, ಯಾವಾಗಲೂ ಮೂಲೆಯಲ್ಲಿ ಸುಮ್ಮನೆ ಕೂರುವ ಹುಡುಗಿ ಮೊಣಕೈವರೆಗೆ ಲೋಳೆ ಮಾಡಿಕೊಂಡು, "ಟೀಚರೇ, ಜಾರ್ತದೆ" ಅಂದಳು. ಇಲ್ಲಿಗೆ ಬಂದ ಮೇಲೆ ಅವಳಾಡಿದ ಮೊದಲ ಮಾತು ಅದು. ನನಗೆ ಕಣ್ಣು ತುಂಬಿ ಬಂತು. ಹಾಗಾಗಿ ಇದನ್ನು ಒಂದು ದಿನಕ್ಕೆ ನಿಲ್ಲಿಸಲು ಮನಸ್ಸಿಲ್ಲ.

ಬೀಜ ತೊಳೆದು ಒಣಗಿಸಿದ್ದೇನೆ. ಎಣಿಸುವುದು, ಅಂಟಿಸುವುದು ಬಿಟ್ಟು ಬೇರೆ ಏನು ಮಾಡಿಸಬಹುದು? ಸಣ್ಣವರು ಬಾಯಿಗೋ ಮೂಗಿಗೋ ಹಾಕಿಕೊಳ್ಳುವ ಭಯವಿದೆ, ಅದನ್ನೂ ಗಮನಿಸಿ ಹೇಳಿ. ಕೆಲವು ಬೀಜ ತೆಂಗಿನ ಗೆರಟೆಯಲ್ಲಿ (ಚಿಪ್ಪಿನಲ್ಲಿ) ನಟ್ಟಿದ್ದೇವೆ. ಬಳ್ಳಿ ಹಬ್ಬಿದ ಮೇಲೆ ಹೆಣ್ಣು ಹೂವಿನ ಬುಡದ ಪುಟ್ಟ ಕಾಯಿಯನ್ನು ಮಕ್ಕಳೇ ಹುಡುಕಬೇಕೆಂಬ ಆಸೆ. ವಿಷ ಹೊಡೆಯದೆ ಎಳೆ ಕಾಯಿಯನ್ನು ಹಣ್ಣುನೊಣದಿಂದ ಕಾಪಾಡುವುದು ಹೇಗೆ?

ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಹ್ಯಾಲೋವೀನ್ ಮುಖ ಕೆತ್ತುವುದೇ ಹೆಚ್ಚು ಸಿಗುತ್ತದೆ. ನಮ್ಮ ಮಕ್ಕಳಿಗೆ ಅದು ಗೊತ್ತಿಲ್ಲ, ಪಲ್ಯ, ಪಾಯಸ ಗೊತ್ತು. ನಿಮ್ಮ ಅಜ್ಜಿಯಂದಿರು ಹೇಳುತ್ತಿದ್ದ ಚೀನಿಕಾಯಿಯ ಒಗಟು, ಶಿಶುಪದ ಇದ್ದರೆ ದಯವಿಟ್ಟು ಬರೆಯಿರಿ. ತುಳುವಿನದ್ದಾದರೂ ಆದೀತು.